ಅನಾಥಾಲಯದ ಕಟ್ಟಡಕ್ಕೆ ಕೊಡಬೇಕೆ, ಅಜ್ಜಿಯರ ಮನೆಗೆ ಕೊಡಬೇಕೆ? ಉಗಾಂಡಾದ ಹಳ್ಳಿಗಳ ತಬ್ಬಲಿ ಮಕ್ಕಳ ಬಗ್ಗೆ ಸಲಹೆ ಬೇಕು

ತೀರವಾಸಿ, ಕಂಪಾಲಾ

ಎಲ್ಲರಿಗೂ ನಮಸ್ಕಾರ. ಕಂಪಾಲಾದಲ್ಲಿ ನೆಲೆಸಿರುವ ನಾವು ಕೆಲವು ಕನ್ನಡ ಕುಟುಂಬಗಳವರು ರಾಜ್ಯೋತ್ಸವದ ಹೊತ್ತಿಗೆ ಒಂದಿಷ್ಟು ಹಣ ಕೂಡಿಸಿ, ಇಲ್ಲಿಯ ಯಾವುದಾದರೂ ಒಳ್ಳೆಯ ಕೆಲಸಕ್ಕೆ ಕೊಡುವ ಪದ್ಧತಿ ಇಟ್ಟುಕೊಂಡಿದ್ದೇವೆ. ಈ ಸಲ ಮಸಾಕಾ ಕಡೆಯ ಒಂದು ಅನಾಥಾಲಯದವರು ಹೊಸ ಕಟ್ಟಡಕ್ಕೆ ನೆರವು ಕೇಳಿದ್ದಾರೆ. ನೋಡಿಕೊಂಡು ಬರೋಣವೆಂದು ಕೆಲವರು ಹೋಗಿದ್ದೆವು. ಮಕ್ಕಳು ಶುಚಿಯಾಗಿದ್ದರು, ಹಾಡು ಹೇಳಿದರು, ಊಟವೂ ಚೆನ್ನಾಗಿತ್ತು. ಆದರೆ ಮಾತಾಡುತ್ತಾ ಹೋದಂತೆ ತಿಳಿದದ್ದೇನೆಂದರೆ, ಆ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಅಕ್ಕಪಕ್ಕದ ಹಳ್ಳಿಗಳಲ್ಲೇ ಅಜ್ಜಿಯೋ ಚಿಕ್ಕಮ್ಮನೋ ಸೋದರತ್ತೆಯೋ ಇದ್ದಾರೆ, ಭಾನುವಾರ ಬಂದು ನೋಡಿಕೊಂಡೂ ಹೋಗುತ್ತಾರೆ. ಊರಿನ ಸ್ಥಳೀಯ ಸಮಿತಿಯ ಅಧ್ಯಕ್ಷರು ನಮ್ಮನ್ನು ಬೀಳ್ಕೊಡುವಾಗ, "ತಂದೆತಾಯಿ ಇಲ್ಲದ ಮಕ್ಕಳು ಇಲ್ಲಿಗಿಂತ ನಮ್ಮ ಊರಿನ ಮನೆಗಳಲ್ಲೇ ಹೆಚ್ಚು ಇದ್ದಾರೆ, ಅವರನ್ನು ನೋಡಲು ಮಾತ್ರ ಯಾರೂ ಬರುವುದಿಲ್ಲ" ಎಂದರು.

ಅಂದಿನಿಂದ ನಮ್ಮೊಳಗೇ ಒಮ್ಮತವಿಲ್ಲ. ಕಟ್ಟಡಕ್ಕೆ ಕೊಟ್ಟರೆ ಕಣ್ಣಿಗೆ ಕಾಣುತ್ತದೆ, ಲೆಕ್ಕವೂ ಸಿಗುತ್ತದೆ ಎನ್ನುವವರು ಒಂದು ಕಡೆ. ಮಕ್ಕಳನ್ನು ಸಾಕುತ್ತಿರುವ ಬಂಧುಗಳ ಕೈಗೇ ಕೊಡಬೇಕು ಎನ್ನುವವರು ಇನ್ನೊಂದು ಕಡೆ. ಈ ವೇದಿಕೆಯಲ್ಲಿ ಆಫ್ರಿಕಾದ ಬೇರೆಬೇರೆ ದೇಶಗಳಲ್ಲಿ ಕೆಲಸ ಮಾಡಿದವರು ಇದ್ದೀರಿ. ನಿಮಗೆ ಕಂಡದ್ದನ್ನು ದಯವಿಟ್ಟು ಬರೆಯಿರಿ.

ಹಳೆಯ ಶುಶ್ರೂಷಕಿ

ಸರ್, ಮಸಾಕಾ ಮತ್ತು ರಕಾಯ್ ಜಿಲ್ಲೆಗಳಲ್ಲಿ ನಾನು ಬಹಳ ಕಾಲ ದುಡಿದಿದ್ದೇನೆ. ಉಗಾಂಡಾದಲ್ಲಿ ಏಡ್ಸ್ ಮೊದಲು ಗುರುತಿಗೆ ಬಂದದ್ದೇ 1982ರಲ್ಲಿ, ರಕಾಯ್ ಸೀಮೆಯ ಕಸೆನ್ಸೆರೋ ಎಂಬ ಮೀನುಗಾರರ ಊರಿನಲ್ಲಿ. ಮುಂದಿನ ವರ್ಷಗಳಲ್ಲಿ ಆ ಭಾಗದ ಹಳ್ಳಿಗಳು ನಡುವಯಸ್ಸಿನವರನ್ನೇ ಕಳೆದುಕೊಂಡವು. ಬಾಳೆತೋಟದ ಮೂಲೆಯಲ್ಲಿ ಸಾಲಾಗಿ ಗೋರಿಗಳು, ತೋಟದಲ್ಲಿ ಕಳೆ ಕೀಳುತ್ತಿರುವ ಒಬ್ಬಳು ಮುದುಕಿ, ಅವಳ ಸುತ್ತ ಬೇರೆಬೇರೆ ತಾಯಂದಿರ ಮಕ್ಕಳು. ಇಂಥ ಮನೆಗಳಿಗೆ ನಾವು ಔಷಧಿಯ ಚೀಲ ಹೊತ್ತು ಹೋಗುತ್ತಿದ್ದೆವು. ಆ ಸೀಮೆಯ ಬಗಾಂಡಾ ಜನ ಸತ್ತವರನ್ನು ತಮ್ಮ ಜಮೀನಿನಲ್ಲೇ ಹೂಳುತ್ತಾರೆ. ಹೀಗಾಗಿ ಆ ಮಕ್ಕಳು ಅಪ್ಪ ಅಮ್ಮನ ಗೋರಿಯ ಪಕ್ಕದಲ್ಲೇ ಆಡಿ ಬೆಳೆದರು.

ಅಜ್ಜಿಯನ್ನು ಅಲ್ಲಿ ಜಜ್ಜಾ ಎನ್ನುತ್ತಾರೆ. ಒಬ್ಬ ಜಜ್ಜಾಳ ಮನೆಯನ್ನು ನಾನು ಚೆನ್ನಾಗಿ ಬಲ್ಲೆ. ಹುಡುಗನೊಬ್ಬನಿಗೆ ಹುಟ್ಟಿನಿಂದಲೇ ಸೋಂಕು ಇತ್ತು; ಮಾತ್ರೆಗಳು ಬರತೊಡಗಿದ ಮೇಲೆ ದಿನವೂ ಒಂದೇ ಹೊತ್ತಿಗೆ ಕೊಡಬೇಕಿತ್ತು. ಅಜ್ಜಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ರೇಡಿಯೋದಲ್ಲಿ ಲುಗಾಂಡಾ ವಾರ್ತೆಯ ಸಂಗೀತ ಕೇಳಿಸಿದ ಕೂಡಲೇ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು, ಸೀಸೆಯಿಂದ ಮಾತ್ರೆ ತೆಗೆದು ಅಂಗೈ ಮೇಲೆ ಇಟ್ಟುಕೊಂಡು ಹುಡುಗನನ್ನು ಕೂಗುತ್ತಿದ್ದಳು. ಬ್ಯಾಟರಿ ಮುಗಿದ ದಿನ ಪಕ್ಕದ ಮನೆಯ ಬಾಗಿಲಲ್ಲಿ ಹೋಗಿ ಕೂರುತ್ತಿದ್ದಳು. ನಮ್ಮ ಚಿಕಿತ್ಸಾಲಯದ ಪಟ್ಟಿಯಲ್ಲಿ ಮಾತ್ರೆ ತಪ್ಪಿಸದ ಮಕ್ಕಳ ಪೈಕಿ ಆ ಹುಡುಗ ಮೊದಲಿಗನಾಗಿದ್ದ.

ಅವಳಿಗೆ ಬೇಕಾಗಿದ್ದದ್ದು ಕಟ್ಟಡವಲ್ಲ. ಶಾಲೆಯ ಸಮವಸ್ತ್ರ, ನೋಟುಪುಸ್ತಕ, ಮಧ್ಯಾಹ್ನದ ಗಂಜಿಗೆ ಶಾಲೆಯವರು ಕೇಳುವ ಹಣ, ಮಳೆ ಬಂದರೆ ಸೋರದ ತಗಡು, ಇವಿಷ್ಟೇ. 1997ರಿಂದ ಉಗಾಂಡಾದಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಶುಲ್ಕವಿಲ್ಲ ಎಂಬುದು ಕಾಗದದ ಮೇಲೆ ನಿಜ. ಈ ಚಿಲ್ಲರೆ ಖರ್ಚುಗಳೇ ಮಕ್ಕಳನ್ನು ಮನೆಗೆ ಕಳುಹಿಸುವುದು. ನನ್ನನ್ನು ಕೇಳಿದರೆ ಹಣವನ್ನು ಅಜ್ಜಿಯರ ಮನೆಗೇ ಕೊಡಿ.

ಗುಡ್ಡದ ಹೂ

ಶುಶ್ರೂಷಕಿ ಅಕ್ಕ ಬರೆದದ್ದನ್ನು ಎರಡು ಸಲ ಓದಿದೆ. ನನ್ನ ಮತವೂ ಅಜ್ಜಿಯರ ಕಡೆಗೆ.

ನೇರನುಡಿ

ಅಜ್ಜಿಯರ ಬಗ್ಗೆ ನನಗೂ ಗೌರವವಿದೆ, ಆದರೆ ಬಂಧುಗಳೆಂದರೆ ಅಜ್ಜಿಯರು ಮಾತ್ರವಲ್ಲ. ನಾನು ನೈರೋಬಿಯಲ್ಲಿ ಇದ್ದಾಗ ನಮ್ಮ ನೆರೆಮನೆಯಲ್ಲಿ ಕೆಲಸಕ್ಕಿದ್ದ ಹುಡುಗಿ ಆ ಮನೆಯೊಡತಿಯ ತಂಗಿಯ ಮಗಳು. ತಾಯಿ ತೀರಿಕೊಂಡ ಮೇಲೆ ಓದಿಸುತ್ತೇವೆಂದು ಸಿಯಾಯಾ ಕಡೆಯ ಹಳ್ಳಿಯಿಂದ ಕರೆತಂದಿದ್ದರಂತೆ. ಮನೆಯ ಮಕ್ಕಳು ಬ್ಯಾಗು ಹಾಕಿಕೊಂಡು ಶಾಲೆಯ ವಾಹನ ಹತ್ತುವಾಗ ಈ ಹುಡುಗಿ ಅವರ ಬೂಟಿಗೆ ದಾರ ಕಟ್ಟುತ್ತಿದ್ದಳು. ಸಂಬಂಧಿಕರ ಮನೆ ಎಂಬ ಒಂದೇ ಕಾರಣಕ್ಕೆ ಯಾರೂ ಒಳಗೆ ಹೋಗಿ ವಿಚಾರಿಸುವುದಿಲ್ಲ. ಅನಾಥಾಲಯದಲ್ಲಿ ಕನಿಷ್ಠ ಒಬ್ಬ ಅಧಿಕಾರಿ ಬಂದು ಹಾಜರಿ ಪುಸ್ತಕವನ್ನಾದರೂ ನೋಡುತ್ತಾನೆ. ರಕ್ತಸಂಬಂಧವನ್ನು ಇಷ್ಟು ದೊಡ್ಡದು ಮಾಡಿ ಹೇಳುವವರು ಈ ಮಕ್ಕಳ ವಿಷಯವನ್ನೂ ಹೇಳಬೇಕು.

ಅಂಕಿಸಂಖ್ಯೆ

ನೇರನುಡಿಯವರ ಮಾತಿಗೆ ಆಧಾರವಿದೆ, ಆದರೆ ಅದರಿಂದ ಅವರು ತೆಗೆಯುತ್ತಿರುವ ತೀರ್ಮಾನಕ್ಕೆ ಆಧಾರ ಕಾಣುವುದಿಲ್ಲ. ಆನ್ ಕೇಸ್, ಕ್ರಿಸ್ಟಿನಾ ಪ್ಯಾಕ್ಸನ್ ಮತ್ತು ಜೋಸೆಫ್ ಏಬ್ಲೈಡಿಂಗರ್ ಆಫ್ರಿಕಾದ 10 ದೇಶಗಳ ಮನೆಮನೆ ಸಮೀಕ್ಷೆಗಳನ್ನು ಪರಿಶೀಲಿಸಿ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಸೂರಿನಡಿ ಬೆಳೆಯುವ ಮಕ್ಕಳಲ್ಲಿಯೂ ತಬ್ಬಲಿ ಮಗು ಶಾಲೆಗೆ ಹೋಗುವ ಸಾಧ್ಯತೆ ಮನೆಮಕ್ಕಳಿಗಿಂತ ಕಡಿಮೆ ಎಂಬುದು ಅವರಿಗೆ ಕಂಡುಬಂತು. ಇದಕ್ಕೆ ಬಡತನವೊಂದೇ ಕಾರಣವಾಗಿರಲಿಲ್ಲ. ಮನೆಯ ಯಜಮಾನನಿಗೂ ಮಗುವಿಗೂ ಸಂಬಂಧ ಎಷ್ಟು ದೂರವೋ ಅಷ್ಟು ಹೊಡೆತ ಹೆಚ್ಚು. ಅಜ್ಜಅಜ್ಜಿಯ ಮನೆ ಒಂದು ಬಗೆ, ದೂರದ ನೆಂಟರ ಮನೆ ಇನ್ನೊಂದು ಬಗೆ. ನೇರನುಡಿಯವರು ಕಂಡ ಹುಡುಗಿಯನ್ನು ಹಳ್ಳಿಯಿಂದ ಪೇಟೆಗೆ ತಂದದ್ದು ದುಡಿಮೆಗಾಗಿ. ಅವಳನ್ನು ಮುಂದಿಟ್ಟುಕೊಂಡು ಹಳ್ಳಿಯ ಅಜ್ಜಿಯ ಮನೆಗೆ ತೀರ್ಪು ಕೊಡುವುದು ಸರಿಯಲ್ಲ.

ವಿಕ್ಟೋರಿಯಾ ಸರೋವರದ ಅದೇ ಪಶ್ಚಿಮ ದಡದಲ್ಲಿ, ಉಗಾಂಡಾದ ಗಡಿಗೆ ತಾಗಿಕೊಂಡಿರುವ ಟಾಂಜಾನಿಯಾದ ಕಗೇರಾ ಪ್ರಾಂತದಲ್ಲಿ ಮಕ್ಕಳನ್ನು 1990ರ ದಶಕದ ಆರಂಭದಲ್ಲಿ ನೋಡಿ, ಅವರೇ ದೊಡ್ಡವರಾದ ಮೇಲೆ 2004ರಲ್ಲಿ ಮತ್ತೆ ಹುಡುಕಿ ಅಳೆದ ಅಧ್ಯಯನವೂ ಇದೆ. ತಾಯಿಯನ್ನು ಕಳೆದುಕೊಂಡವರು ಸರಾಸರಿ 2 ಸೆಂಟಿಮೀಟರ್ ಕುಳ್ಳಗೆ ಉಳಿದಿದ್ದರು, ಸುಮಾರು 1 ವರ್ಷದಷ್ಟು ಕಡಿಮೆ ಓದಿದ್ದರು. ಬಂಧುಗಳು ಕೈಬಿಡಲಿಲ್ಲ ಎಂಬುದು ನಿಜ. ಬಂಧುಗಳಿದ್ದರೂ ನಷ್ಟ ಪೂರ್ತಿ ತುಂಬಲಿಲ್ಲ ಎಂಬುದೂ ಅಷ್ಟೇ ನಿಜ.

ನೇರನುಡಿ

ನಾನು ತೀರ್ಪು ಕೊಡಲಿಲ್ಲ, ಪ್ರಶ್ನೆ ಕೇಳಿದೆ. ಹಣ ಕೊಟ್ಟ ಮೇಲೆ ಆ ಹಣ ತಬ್ಬಲಿ ಮಗುವಿನ ತಟ್ಟೆಗೇ ಬಿತ್ತು ಎಂದು ನೋಡುವವರು ಯಾರು? ಇದಕ್ಕೆ ಉತ್ತರ ಸಿಗುವವರೆಗೂ ನಾನು ಕೇಳುತ್ತಲೇ ಇರುತ್ತೇನೆ.

ಬಯಲುಸೀಮೆ

ಈ "ಅನಾಥ" ಎಂಬ ಲೆಕ್ಕವನ್ನೇ ಮೊದಲು ಸ್ಪಷ್ಟ ಮಾಡಿಕೊಳ್ಳೋಣ. ವಿಶ್ವಸಂಸ್ಥೆಯ ಅಂಕಿಅಂಶಗಳಲ್ಲಿ ತಂದೆತಾಯಿಯರಲ್ಲಿ ಒಬ್ಬರನ್ನು ಕಳೆದುಕೊಂಡ ಮಗುವನ್ನೂ ಅನಾಥ ಎಂದೇ ಎಣಿಸುತ್ತಾರೆ. ಏಡ್ಸ್‌ನಿಂದ ಒಬ್ಬರನ್ನೋ ಇಬ್ಬರನ್ನೋ ಕಳೆದುಕೊಂಡ, 18 ತುಂಬದ ಮಕ್ಕಳು ಜಗತ್ತಿನಲ್ಲಿ ಸುಮಾರು 1.4 ಕೋಟಿ ಎನ್ನುವಾಗ ತಾಯಿ ಇದ್ದು ತಂದೆ ಇಲ್ಲದವರೂ ಅದರಲ್ಲಿ ಸೇರಿರುತ್ತಾರೆ. ಅವರಲ್ಲಿ ಹೆಚ್ಚಿನವರು ಸಹಾರಾದ ದಕ್ಷಿಣಕ್ಕಿರುವ ದೇಶಗಳ ಮಕ್ಕಳು. ಅಷ್ಟು ಜನ ಬೀದಿಯಲ್ಲಿದ್ದಾರೆಂದು ತಿಳಿದು ದೂರದ ದೇಶಗಳ ಒಳ್ಳೆಯ ಮನಸ್ಸಿನವರು ಅನಾಥಾಲಯ ಕಟ್ಟಲು ಓಡಿ ಬಂದರು. ಅನಾಥಾಲಯ ಕಟ್ಟಿದ ಮೇಲೆ ಅದನ್ನು ತುಂಬಿಸಬೇಕಲ್ಲ? ಅಲ್ಲಿ ಊಟ ಮತ್ತು ಶಾಲೆ ಉಚಿತ ಎಂದರೆ ಬಡ ಅಜ್ಜಿ ಮೊಮ್ಮಗನನ್ನು ಕಳುಹಿಸದೆ ಏನು ಮಾಡುತ್ತಾಳೆ? ತೀರವಾಸಿಯವರು ಮಸಾಕಾದಲ್ಲಿ ಕಂಡದ್ದು ಇದೇ ಎಂದು ನನಗೆ ಅನ್ನಿಸುತ್ತದೆ.

ಚಹಾತೋಟ, ಮಲಾವಿ

ನಾನು ದಕ್ಷಿಣ ಮಲಾವಿಯಲ್ಲಿ ಶಿಕ್ಷಕನಾಗಿದ್ದೇನೆ. ಇಲ್ಲಿ ಒಂದು ಸಂಗತಿಯನ್ನು ಸೇರಿಸಬೇಕು. "ಬಂಧು" ಎಂದರೆ ಯಾರು ಎಂಬುದು ಊರಿಂದ ಊರಿಗೆ ಬದಲಾಗುತ್ತದೆ. ಬಗಾಂಡಾ ಜನರ ನಾಡಾದ ಬುಗಾಂಡಾದಲ್ಲೂ ಕೀನ್ಯಾದ ಲುವೋ ಜನರಲ್ಲೂ ಮಗು ತಂದೆಯ ಬಳಿಗೆ, ಅಂದರೆ ಕುಲಕ್ಕೆ, ಸೇರಿದ್ದು. ಇಲ್ಲಿಯ ಚೆವಾ ಮತ್ತು ಯಾವೋ ಜನರಲ್ಲಿ ಮಗು ತಾಯಿಯ ಬಳಿಗೆ ಸೇರಿದ್ದು. ಜಮೀನು ಹೆಣ್ಣುಮಕ್ಕಳ ಕೈಯಲ್ಲಿ ಸಾಗುತ್ತದೆ, ಮಕ್ಕಳ ಮೇಲೆ ಸೋದರಮಾವನಿಗೆ ದೊಡ್ಡ ಅಧಿಕಾರವಿರುತ್ತದೆ. ನಮ್ಮ ತುಳುನಾಡಿನ ಅಳಿಯಕಟ್ಟನ್ನು ಬಲ್ಲವರಿಗೆ ಇದು ಹೊಸದಲ್ಲ. ಗಂಡ ಹೆಂಡತಿಯ ಊರಿಗೆ ಬಂದು ನೆಲೆಸುವ ಈ ಪದ್ಧತಿಯಲ್ಲಿ, ತಾಯಿ ಸತ್ತರೆ ಮಕ್ಕಳು ತಾಯಿಯ ತಾಯಿಯ ಅಂಗಳದಲ್ಲೇ ಉಳಿಯುತ್ತಾರೆ, ಮನೆ ಬದಲಾಗುವುದಿಲ್ಲ. ತಂದೆಯ ಬಳಿಯ ಊರುಗಳಲ್ಲಿ ವಿಧವೆ ತವರಿಗೆ ಹೊರಟರೆ ಮಕ್ಕಳು ಯಾರ ಜೊತೆ ಎಂಬ ಜಗಳ ಅಲ್ಲಿಂದಲೇ ಶುರು.

ನನ್ನ ತರಗತಿಯಲ್ಲಿ ತಂದೆತಾಯಿ ಇಲ್ಲದ ಮಕ್ಕಳು ಯಾವಾಗಲೂ ಇರುತ್ತಾರೆ. ಯಾರ ಮನೆಯಲ್ಲಿ ಮೆಕ್ಕೆಜೋಳದ ಕಣಜ ಬರಿದಾಗಿದೆ ಎಂಬುದು ಜನವರಿ, ಫೆಬ್ರವರಿಯಲ್ಲಿ ಅವರ ಮುಖ ನೋಡಿದರೆ ಗೊತ್ತಾಗುತ್ತದೆ. ಹೊಸ ಬೆಳೆ ಕೈಗೆ ಬರಲು ಇನ್ನೂ ವಾರಗಳಿರುತ್ತವೆ, ಅಜ್ಜಿ ಬೇರೆಯವರ ಹೊಲದಲ್ಲಿ ಕೂಲಿಗೆ ಹೋಗಿರುತ್ತಾಳೆ, ಆ ಹೊತ್ತಿಗೆ ಅವಳ ಸ್ವಂತ ಹೊಲದ ಕಳೆ ಬೆಳೆಯನ್ನು ನುಂಗಿರುತ್ತದೆ.

ಸರ್ಕಾರದ ಒಂದು ಯೋಜನೆ ಇಲ್ಲಿದೆ. ಅದರ ಹೆಸರು ಮ್ತುಕುಲಾ ಪಖೊಮೊ. 2006ರಲ್ಲಿ ಮ್ಚಿಂಜಿ ಜಿಲ್ಲೆಯಲ್ಲಿ ಪ್ರಯೋಗವಾಗಿ ಶುರುವಾಗಿ, ನಿಧಾನವಾಗಿ ದೇಶಕ್ಕೆಲ್ಲ ಹರಡಿತು. ಅನಾಥ ಮಗು ಇದೆಯೇ ಎಂದು ಅವರು ಕೇಳುವುದಿಲ್ಲ. ಮನೆ ಕಡುಬಡತನದಲ್ಲಿದೆಯೇ, ದುಡಿಯುವ ಕೈಗಳಿಗಿಂತ ಉಣ್ಣುವ ಬಾಯಿಗಳು ತೀರಾ ಹೆಚ್ಚೇ ಎಂದು ಊರವರನ್ನೇ ಕೂಡಿಸಿ ಕೇಳುತ್ತಾರೆ. ಹಾಗೆ ಕೇಳಿದರೆ ಅಜ್ಜಿ ಮತ್ತು ಮೊಮ್ಮಕ್ಕಳ ಮನೆ ತಾನಾಗಿಯೇ ಪಟ್ಟಿಗೆ ಬರುತ್ತದೆ. "ಏಡ್ಸ್ ಅನಾಥ" ಎಂಬ ಹಣೆಪಟ್ಟಿಯನ್ನು ಯಾವ ಮಗುವೂ ಹೊರಬೇಕಾಗಿಲ್ಲ, ಪಕ್ಕದ ಮನೆಯವರ ಹೊಟ್ಟೆಕಿಚ್ಚೂ ಕಡಿಮೆ. ನಿಮ್ಮ ನೆರವನ್ನೂ ಈ ದಾರಿಯಲ್ಲಿ ಯೋಚಿಸಬಹುದು.

ಕರಾವಳಿ ಹಕ್ಕಿ

ಕೊರೋನಾ ಕಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳ ಪೋಷಕರಿಗೆ ತಿಂಗಳಿಗೆ 3,500 ರೂಪಾಯಿ ಕೊಡುವ ಬಾಲಸೇವಾ ಯೋಜನೆಯನ್ನು ಕರ್ನಾಟಕ ಸರ್ಕಾರವೂ 2021ರಲ್ಲಿ ಪ್ರಕಟಿಸಿತ್ತು. ಸಾಕುವ ಬಂಧುವಿಗೇ ಹಣ ಕೊಡುವ ಆಲೋಚನೆ ನಮಗೂ ಹೊಸದೇನಲ್ಲ. ಆ ಯೋಜನೆ ನಮ್ಮ ತಾಲ್ಲೂಕಿನಲ್ಲಿ ಹೇಗೆ ನಡೆಯಿತು ಎಂದು ಹೇಳಬೇಕೆಂದರೆ…

ನಿರ್ವಾಹಕರು

ಕರಾವಳಿ ಹಕ್ಕಿಯವರೇ, ಬಾಲಸೇವಾ ಯೋಜನೆಯ ಚರ್ಚೆಗೆ ಪ್ರತ್ಯೇಕ ಎಳೆ ತೆರೆಯಿರಿ, ಅಲ್ಲಿ ವಿವರವಾಗಿ ಬರೆಯಿರಿ. ಇಲ್ಲಿ ಮಸಾಕಾದ ಪ್ರಶ್ನೆಗೆ ಉತ್ತರ ಬೇಕಾಗಿದೆ.

ದಕ್ಷಿಣಾಯನ, ಡರ್ಬನ್

ದಕ್ಷಿಣ ಆಫ್ರಿಕಾದ ಅನುಭವವನ್ನು ಹೇಳುತ್ತೇನೆ. ಹಣ ಕೊಡುವ ವಿಧಾನ ಎಷ್ಟು ಮುಖ್ಯ ಎಂಬುದು ಇಲ್ಲಿ ಚೆನ್ನಾಗಿ ಗೊತ್ತಾಗಿದೆ. ಇಲ್ಲಿ ಬಡ ಮಕ್ಕಳಿಗೆಂದು 1998ರಲ್ಲಿ ಆರಂಭವಾದ ಮಕ್ಕಳ ಭತ್ಯೆ ಇದೆ, ಅದಕ್ಕಿಂತ ಬಹಳ ದೊಡ್ಡದಾದ ಪೋಷಣಾ ಭತ್ಯೆಯೂ ಇದೆ. ಎರಡನೆಯದು ನ್ಯಾಯಾಲಯವು ಮಗುವನ್ನು ಸಾಕುಮನೆಗೆ ಒಪ್ಪಿಸಿದಾಗ ಸಿಗುವಂಥದ್ದು. ಏಡ್ಸ್‌ನ ಹೊಡೆತ ಜೋರಾದಾಗ, ಮೊಮ್ಮಕ್ಕಳನ್ನು ಹೇಗೂ ಸಾಕುತ್ತಿದ್ದ ಅಜ್ಜಿಯರೂ ಆ ಭತ್ಯೆಗಾಗಿ ಮಕ್ಕಳ ನ್ಯಾಯಾಲಯದ ಬಾಗಿಲಿಗೆ ಹೋಗಬೇಕಾಯಿತು. ಅಂಥ ಮಕ್ಕಳ ಸಂಖ್ಯೆ 5 ಲಕ್ಷ ದಾಟಿತು. ಆದೇಶವನ್ನು ಕಾಲಕಾಲಕ್ಕೆ ನವೀಕರಿಸಬೇಕಿತ್ತು, ಅದಕ್ಕೆ ಸಮಾಜ ಕಾರ್ಯಕರ್ತರ ವರದಿ ಬೇಕಿತ್ತು. ಕಾರ್ಯಕರ್ತರು ಸಾಲದೆ ಲಕ್ಷಕ್ಕೂ ಹೆಚ್ಚು ಮಕ್ಕಳ ಆದೇಶಗಳು ಅವಧಿ ಮೀರಿ ಬಿದ್ದುಹೋದವು. 2011ರಲ್ಲಿ ಹೈಕೋರ್ಟು ಮಧ್ಯೆ ಬಂದು ಅವುಗಳಿಗೆ ಜೀವ ಕೊಡಬೇಕಾಯಿತು. ಇಷ್ಟೆಲ್ಲ ಕಾಗದ ಓಡಾಡುವ ಹೊತ್ತಿನಲ್ಲಿ, ನಿಜವಾಗಿ ಹೊಡೆತ ತಿನ್ನುತ್ತಿದ್ದ ಮಕ್ಕಳನ್ನು ನೋಡಲು ಕಾರ್ಯಕರ್ತರಿಗೆ ಬಿಡುವಿರಲಿಲ್ಲ.

ಕೊನೆಗೆ 2020ರಲ್ಲಿ ಕಾನೂನು ತಿದ್ದಿ, 2022ರ ಜೂನ್‌ನಿಂದ ಬಂಧುಗಳ ಮನೆಯಲ್ಲಿರುವ ಅನಾಥ ಮಕ್ಕಳಿಗೆ ಮಕ್ಕಳ ಭತ್ಯೆಯ ಮೇಲೆಯೇ ಅರ್ಧದಷ್ಟು ಹೆಚ್ಚುವರಿ ಕೊಡತೊಡಗಿದರು. ಆಗ 480 ರ್‍ಯಾಂಡ್ ಇದ್ದ ಭತ್ಯೆಗೆ 240 ಸೇರಿ 720 ಆಯಿತು. ನ್ಯಾಯಾಲಯಕ್ಕೆ ಅಲೆಯಬೇಕಾಗಿಲ್ಲ. ಇದನ್ನು ಮೊದಲೇ ಮಾಡಿದ್ದರೆ ಎಷ್ಟೋ ಅಜ್ಜಿಯರ ಕಾಲು ಸವೆಯುವುದು ತಪ್ಪುತ್ತಿತ್ತು.

ನೇರನುಡಿಯವರು ಕೇಳಿದ "ತಟ್ಟೆಗೇ ಬಿತ್ತೇ" ಎಂಬ ಪ್ರಶ್ನೆಗೂ ಇಲ್ಲಿ ಒಂದು ಉತ್ತರವಿದೆ. ಎಸ್ತರ್ ಡುಫ್ಲೋ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವೃದ್ಧಾಪ್ಯ ವೇತನ ಅಜ್ಜಿಯ ಕೈಗೆ ಬಂದ ಮನೆಗಳಲ್ಲಿ ಹೆಣ್ಣುಮಕ್ಕಳ ಮೈತೂಕ ಸುಧಾರಿಸಿತು. ಅಜ್ಜನ ಕೈಗೆ ಬಂದಾಗ ಅಂಥ ಬದಲಾವಣೆ ಕಾಣಲಿಲ್ಲ. ಅಲ್ಲಿ ಯಾರೂ ತಟ್ಟೆ ಎಣಿಸಲು ನಿಂತಿರಲಿಲ್ಲ.

ನೇರನುಡಿ

ಡರ್ಬನ್‌ನವರೇ, ಇದು ಉತ್ತರ ಎನ್ನುವಂಥ ಉತ್ತರ. ಆದರೆ ಅದು ಅಜ್ಜಿಯ ಮಟ್ಟಿಗೆ ಮಾತ್ರ. ಚಿಕ್ಕಪ್ಪನ ಮನೆಯಲ್ಲಿರುವ ಮಗುವಿಗೆ ಏನು?

ವಕೀಲಮ್ಮ

ಚಿಕ್ಕಪ್ಪನ ವಿಷಯ ಬಂದದ್ದು ಒಳ್ಳೆಯದಾಯಿತು, ಏಕೆಂದರೆ ಜಮೀನಿನ ಮಾತು ಇನ್ನೂ ಯಾರೂ ಎತ್ತಿಲ್ಲ. ನಾನು ಲುಸಾಕಾದಲ್ಲಿ ಮಹಿಳೆಯರ ಕಾನೂನು ನೆರವಿನ ಕೆಲಸದಲ್ಲಿದ್ದೆ. ಅಣ್ಣ ಸತ್ತ ವಾರದೊಳಗೆ ಅವನ ತಮ್ಮಂದಿರು ಬಂದು ಹೊಲಿಗೆ ಯಂತ್ರ, ಸೈಕಲ್ಲು, ಮಂಚ, ಕೊನೆಗೆ ಛಾವಣಿಯ ತಗಡಿನವರೆಗೆ ಹೊತ್ತುಕೊಂಡು ಹೋದ ಪ್ರಕರಣಗಳನ್ನು ನಾವು ಮತ್ತೆ ಮತ್ತೆ ನೋಡಿದ್ದೇವೆ. ಜಾಂಬಿಯಾದಲ್ಲಿ 1989ರ ಉತ್ತರಾಧಿಕಾರ ಕಾಯ್ದೆ ಇದೆ. ಉಯಿಲು ಬರೆಯದೆ ಸತ್ತವನ ಆಸ್ತಿಯಲ್ಲಿ ನೂರಕ್ಕೆ 50 ಮಕ್ಕಳಿಗೆ, 20 ಹೆಂಡತಿಗೆ, 20 ತಂದೆತಾಯಿಗೆ, 10 ಇತರ ಅವಲಂಬಿತರಿಗೆ ಎಂದು ಅದು ಹಂಚಿಕೊಡುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಹಳ್ಳಿಯ ಜನ ಉಳುವ ಸಾಂಪ್ರದಾಯಿಕ ಜಮೀನಿಗೆ ಆ ಕಾಯ್ದೆ ಅನ್ವಯಿಸುವುದೇ ಇಲ್ಲ. ಹಳ್ಳಿಯ ಮಗುವಿನ ಮುಖ್ಯ ಆಸ್ತಿಯೇ ಅದು. ಮಲಾವಿಯಲ್ಲಿ 2011ರ ಕಾಯ್ದೆ ಇಂಥ ದೋಚುವಿಕೆಯನ್ನು ಅಪರಾಧವೆಂದು ಘೋಷಿಸಿದೆ. ದೂರು ಕೊಡಲು ಯಾವ ಮಗು ಠಾಣೆಗೆ ಹೋಗುತ್ತದೆ?

ಬುಗಾಂಡಾದಲ್ಲಿ ಒಂದು ಸಂಪ್ರದಾಯವಿದೆ. ಸಾವಿನ ಕೆಲಕಾಲದ ನಂತರ ಕುಲದವರೆಲ್ಲ ಸೇರಿ ಓಕ್ವಾಬ್ಯಾ ಒಲುಂಬೆ ಎಂಬ ಅಂತ್ಯವಿಧಿಯನ್ನು ನಡೆಸುತ್ತಾರೆ. ಉತ್ತರಾಧಿಕಾರಿಗೆ ಮರದ ತೊಗಟೆಯ ಬಟ್ಟೆ ಹೊದಿಸಿ ಎಲ್ಲರೆದುರು ನಿಲ್ಲಿಸುತ್ತಾರೆ. ಅವನು ಚಿಕ್ಕವನಾಗಿದ್ದರೆ ನೋಡಿಕೊಳ್ಳಲು ಒಮುಕುಜಾ ಎಂಬ ಪಾಲಕನನ್ನು ನೇಮಿಸುತ್ತಾರೆ. ಅಷ್ಟು ಜನರ ಮುಂದೆ ಒಪ್ಪಿಕೊಂಡ ಜವಾಬ್ದಾರಿಯಾದ್ದರಿಂದ ಪಾಲಕ ತಪ್ಪಿ ನಡೆದರೆ ಅವನನ್ನು ಹಿಡಿದು ಕೇಳಲು ಕುಲದ ಹಿರಿಯರಿಗೆ ಅಧಿಕಾರವಿದೆ. ತೀರವಾಸಿಯವರು ಮಸಾಕಾಗೆ ಮತ್ತೆ ಹೋದಾಗ, ಪ್ರತಿ ಮಗುವಿನ ಒಮುಕುಜಾ ಯಾರು, ತಂದೆಯ ಕಿಬಂಜಾ ಜಮೀನು (ಬುಗಾಂಡಾದ ಗೇಣಿ ಹಿಡುವಳಿ) ಈಗ ಯಾರ ಉಳುಮೆಯಲ್ಲಿದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಲಿ. ಉತ್ತರ ತಡವರಿಸಿದ ಕಡೆ ತೊಂದರೆ ಇದೆ ಎಂದೇ ತಿಳಿಯಿರಿ.

ತೀರವಾಸಿ, ಕಂಪಾಲಾ

ಮೇಡಂ, ಈ ಎರಡು ಪ್ರಶ್ನೆಗಳನ್ನು ಬರೆದಿಟ್ಟುಕೊಂಡೆ. ನಮ್ಮಲ್ಲಿ ಯಾರಿಗೂ ಇವು ಹೊಳೆದಿರಲಿಲ್ಲ.

ಒಣಹುಲ್ಲು

ಅಜ್ಜಿಯೇ ತೀರಿಕೊಂಡರೆ ಮಕ್ಕಳ ಗತಿ ಏನು? ಇದನ್ನು ಯಾರಾದರೂ ಹೇಳಿ.

ಮುತಾರೆಯ ನೆನಪು

ಒಣಹುಲ್ಲು ಅವರೇ, ನಾನು ಜಿಂಬಾಬ್ವೆಯ ಪೂರ್ವ ಭಾಗದಲ್ಲಿ ಇದ್ದವನು. ಅಜ್ಜಿ ಸತ್ತ ಮೇಲೆ ಹದಿನಾರರ ಅಕ್ಕ ತಮ್ಮ ತಂಗಿಯರನ್ನು ಕಟ್ಟಿಕೊಂಡು ಅದೇ ಮನೆಯಲ್ಲಿ ಉಳಿದ ಸಂಸಾರಗಳು ಅಲ್ಲಿ ಇದ್ದವು. ಹೊರಗಿನವರು ಅವನ್ನು ದಿಕ್ಕಿಲ್ಲದ ಮಕ್ಕಳ ಮನೆ ಎಂದು ತಿಳಿಯುತ್ತಾರೆ. ಹತ್ತಿರದಿಂದ ನೋಡಿದರೆ, ಹೆಚ್ಚಿನ ಕಡೆ ಚಿಕ್ಕಮ್ಮನೋ ಸೋದರತ್ತೆಯೋ ಕೂಗಳತೆಯಲ್ಲಿ ಇದ್ದು, ಉಪ್ಪು ಹಿಟ್ಟು ಕೊಟ್ಟು, ರಾತ್ರಿ ಒಮ್ಮೆ ಬಂದು ನೋಡಿ ಹೋಗುತ್ತಿದ್ದರು. ಮಕ್ಕಳು ತಂದೆಯ ಮನೆಯಲ್ಲೇ ಉಳಿಯಲು ಮುಖ್ಯ ಕಾರಣ ಎರಡು: ಬಿಟ್ಟು ಹೋದರೆ ಜಮೀನು ಕೈತಪ್ಪುತ್ತದೆ, ಮತ್ತು ನೆಂಟರು ಹಂಚಿಕೊಂಡರೆ ಒಡಹುಟ್ಟಿದವರು ಚದುರಿಹೋಗುತ್ತಾರೆ. ದೊಡ್ಡವರ ಕಣ್ಣಿಗೆ ಅನ್ನದ ಲೆಕ್ಕ ಕಾಣುತ್ತದೆ, ಮಕ್ಕಳಿಗೆ ತಮ್ಮ ತಂಗಿಯರ ಜೊತೆ ಇರುವುದೇ ದೊಡ್ಡದು.

ಮುತಾರೆಯಲ್ಲಿ ಮಕ್ಕಳ ವೈದ್ಯರಾಗಿದ್ದ ಜೆಫ್ ಫಾಸ್ಟರ್ ಅವರು 1987ರಲ್ಲಿ ಏಡ್ಸ್ ಪೀಡಿತ ಕುಟುಂಬಗಳಿಗಾಗಿ ಒಂದು ಸಂಸ್ಥೆಯನ್ನು ಹುಟ್ಟುಹಾಕಿದರು. ಅದರ ಒಂದು ಕಾರ್ಯಕ್ರಮದಲ್ಲಿ ಹಳ್ಳಿಯ ಚರ್ಚುಗಳ ಹೆಂಗಸರೇ ಸ್ವಯಂಸೇವಕಿಯರಾಗಿ ತಮ್ಮ ನೆರೆಯ ತಬ್ಬಲಿ ಮನೆಗಳಿಗೆ ನಿಯಮಿತವಾಗಿ ಹೋಗಿ ಬರುತ್ತಿದ್ದರು. ಅವರಲ್ಲಿ ಅನೇಕರು ತಾವೇ ವಿಧವೆಯರು. ಯಾವ ಮನೆಗೆ ಬೀಜ ಬೇಕು, ಯಾವ ಮಗುವಿಗೆ ಶಾಲೆಯ ಶುಲ್ಕ ಬೇಕು, ಯಾವ ಮನೆಯಲ್ಲಿ ಹುಡುಗಿಯ ಕಣ್ಣು ಯಾಕೋ ಬಾಡಿದೆ ಎಂಬುದು ಅವರಿಗೆ ತಿಳಿಯುತ್ತಿತ್ತು. ನೇರನುಡಿಯವರೇ, ನಿಮ್ಮ "ನೋಡುವವರು ಯಾರು" ಎಂಬ ಪ್ರಶ್ನೆಗೆ ನನ್ನ ಉತ್ತರ ಈ ಹೆಂಗಸರು. ಪಾತ್ರೆ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಕೂರುವ ನೆರೆಯವಳಿಗೆ ಕಾಣುವುದು ವರ್ಷಕ್ಕೊಮ್ಮೆ ಬರುವ ಅಧಿಕಾರಿಗೆ ಕಾಣುವುದಿಲ್ಲ.

ಜಿಂಬಾಬ್ವೆಯಲ್ಲಿ ಜುಂಡೆ ರಾ ಮಾಂಬೊ ಎಂಬ ಹಳೆಯ ಕಟ್ಟಳೆಯೂ ಇದೆ. ಊರ ಮುಖ್ಯಸ್ಥನ ಹೊಲದಲ್ಲಿ ಎಲ್ಲರೂ ಸೇರಿ ದುಡಿದು, ಬಂದ ಬೆಳೆಯನ್ನು ಕಣಜದಲ್ಲಿಟ್ಟು ಅನಾಥರಿಗೂ ಮುದುಕರಿಗೂ ಕೊಡುವ ಪದ್ಧತಿ ಅದು. ಏಡ್ಸ್‌ನ ವರ್ಷಗಳಲ್ಲಿ ಅದಕ್ಕೆ ಮತ್ತೆ ಜೀವ ಬಂತು. ಮಳೆ ಕೈಕೊಟ್ಟ ವರ್ಷ ಆ ಕಣಜವೂ ಬರಿದು ಎಂಬುದನ್ನು ಮರೆಯಬಾರದು, ಆದರೂ ಊರು ಸುಮ್ಮನೆ ಕುಳಿತಿರಲಿಲ್ಲ.

ಅಂಕಿಸಂಖ್ಯೆ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. "ದೊಡ್ಡ ಕುಟುಂಬ ಕುಸಿದುಬಿಟ್ಟಿತು" ಎಂಬ ಬರಹಗಳು 1990ರ ದಶಕದಲ್ಲಿ ಧಾರಾಳವಾಗಿ ಬಂದವು. ಆದರೂ ತಬ್ಬಲಿಯಾದ ಮಕ್ಕಳಲ್ಲಿ ಬಹುಪಾಲು, ಸುಮಾರು ನೂರಕ್ಕೆ ತೊಂಬತ್ತು ಮಂದಿ, ಕುಟುಂಬದವರ ಬಳಿಯೇ ಬೆಳೆದರು. ಹೊರಗಿನ ಸಹಾಯ ಮುಟ್ಟಿದ್ದು ಬಹಳ ಕಡಿಮೆ ಮನೆಗಳಿಗೆ.

ಹಳೆಯ ಶುಶ್ರೂಷಕಿ

ಮುತಾರೆಯವರು ಬರೆದದ್ದು ಉಗಾಂಡಾಕ್ಕೂ ಹೊಂದುತ್ತದೆ. 1986ರಲ್ಲಿ ಹುಟ್ಟಿದ ಉವೆಸೋ ಎಂಬ ಮಹಿಳಾ ಸಂಸ್ಥೆ ಮೊದಲು ಲುವೆರೋ ಸೀಮೆಯ ಅಂತರ್ಯುದ್ಧದ ಅನಾಥರಿಗೆ ನೆರವಾಯಿತು. ಆಮೇಲೆ ಮಕ್ಕಳನ್ನು ಸಾಕುತ್ತಿದ್ದ ಹೆಂಗಸರಿಗೇ ಉಳಿತಾಯ ಮತ್ತು ಸಣ್ಣ ಸಾಲದ ಗುಂಪುಗಳನ್ನು ಕಟ್ಟಿಕೊಟ್ಟಿತು. ಕನುಂಗು ಜಿಲ್ಲೆಯ ನ್ಯಾಕಾ ಸಂಸ್ಥೆ 2001ರಲ್ಲಿ ಅನಾಥ ಮಕ್ಕಳಿಗೆ ಶಾಲೆ ಕಟ್ಟಲೆಂದು ಶುರುವಾದದ್ದು. ಅಜ್ಜಿಯರನ್ನು ಬಿಟ್ಟು ಮಕ್ಕಳ ಕೆಲಸ ಆಗುವುದಿಲ್ಲವೆಂದು ಕಂಡ ಮೇಲೆ ಊರೂರಿನಲ್ಲಿ ಅಜ್ಜಿಯರ ಗುಂಪುಗಳನ್ನು ಕಟ್ಟಿತು. ಯಾರಿಗೆ ಮನೆ, ಯಾರಿಗೆ ಶೌಚಾಲಯ ಮೊದಲು ಎಂಬುದನ್ನು ಆ ಗುಂಪುಗಳಲ್ಲಿ ಅಜ್ಜಿಯರೇ ತೀರ್ಮಾನಿಸುತ್ತಾರೆ.

ಸರ್ಕಾರದ್ದೇ ವೃದ್ಧಾಪ್ಯ ಭತ್ಯೆ ಇದೆಯಲ್ಲ ಎಂದು ಕೆಲವರು ಹೇಳಬಹುದು. ತಿಂಗಳಿಗೆ 25,000 ಶಿಲ್ಲಿಂಗ್, ನಮ್ಮ ಲೆಕ್ಕದಲ್ಲಿ ಆರುನೂರು ರೂಪಾಯಿಯ ಆಸುಪಾಸು. ಅದನ್ನು ದೇಶಕ್ಕೆಲ್ಲ ವಿಸ್ತರಿಸಿದಾಗ ವಯೋಮಿತಿಯನ್ನು 80ಕ್ಕೆ ಇಟ್ಟರು. ಮೊಮ್ಮಕ್ಕಳನ್ನು ಸಾಕುವ ಅಜ್ಜಿಯರಲ್ಲಿ ಹೆಚ್ಚಿನವರು ಐವತ್ತು, ಅರವತ್ತರ ಪ್ರಾಯದವರು. ಹೊರೆ ಹೊರುವ ವಯಸ್ಸಿನಲ್ಲಿ ಕೈಗೆ ಏನೂ ಸಿಗುವುದಿಲ್ಲ.

ಇನ್ನೊಂದು ವಿಷಯವನ್ನು ಒತ್ತಿ ಹೇಳುತ್ತೇನೆ. ನೀವು ಈಗಾಗಲೇ ಆ ಅನಾಥಾಲಯದ ಮಕ್ಕಳ ಮುಖ ನೋಡಿದ್ದೀರಿ. ಅಲ್ಲಿಗೆ ಒಮ್ಮೆಲೇ ನೆರವು ನಿಲ್ಲಿಸಿ ಬಾಗಿಲು ಮುಚ್ಚಿಸಿದರೆ ಮಕ್ಕಳು ಸಿದ್ಧತೆಯಿಲ್ಲದ ಮನೆಗೆ ಹೋಗಿ ಬೀಳುತ್ತಾರೆ. ರುವಾಂಡಾ 2012ರ ನಂತರ ಅನಾಥಾಲಯಗಳನ್ನು ಮುಚ್ಚಲು ಹೊರಟಾಗ, ಪ್ರತಿ ಮಗುವಿನ ಬಂಧುಗಳನ್ನು ಹುಡುಕಿ, ಬಂಧುಗಳಿಲ್ಲದವರಿಗೆ ತರಬೇತಿ ಪಡೆದ ಸಾಕುಮನೆಗಳನ್ನು ಗೊತ್ತುಮಾಡಿ ಕಳುಹಿಸಿತು. ನಿಧಾನವಾಗಿ ಮಾಡಬೇಕಾದ ಕೆಲಸವಿದು.

ನೇರನುಡಿ

ಶುಶ್ರೂಷಕಿ ಅಕ್ಕನ ಕೊನೆಯ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಹಾಗೆಯೇ ಒಂದು ಷರತ್ತು ಸೇರಿಸಿ. ದೂರದ ನೆಂಟರ ಮನೆಯಲ್ಲಿರುವ ಮಗುವಿನ ಶಾಲೆಯ ಖರ್ಚನ್ನು ಮನೆಯವರ ಕೈಗೆ ಕೊಡದೆ ಶಾಲೆಗೇ ನೇರವಾಗಿ ಕಟ್ಟಬೇಕು, ಮಗು ಹಾಜರಿದೆಯೇ ಎಂದು ಅವಧಿಗೊಮ್ಮೆ ಶಿಕ್ಷಕರನ್ನು ಕೇಳಬೇಕು. ಅಜ್ಜಿಯರಿಗೆ ಈ ಷರತ್ತು ಬೇಡ.

ಚಹಾತೋಟ, ಮಲಾವಿ

ಶಾಲೆಗೆ ಕಟ್ಟುವುದಾದರೆ ತಬ್ಬಲಿ ಮಗುವಿನ ಹೆಸರಿನಲ್ಲಿ ಮಾತ್ರ ಕಟ್ಟಬೇಡಿ, ಆ ಮನೆಯ ಎಲ್ಲ ಮಕ್ಕಳ ಗಂಜಿಯ ಹಣವನ್ನೂ ಕಟ್ಟಿ. ಒಂದು ಮಗು ಹೊಸ ಸಮವಸ್ತ್ರದಲ್ಲಿ, ಅದೇ ಮನೆಯ ಇನ್ನೊಂದು ಮಗು ಹರಕು ಅಂಗಿಯಲ್ಲಿ ಒಂದೇ ಬೆಂಚಿನಲ್ಲಿ ಕೂತರೆ, ಸಂಜೆ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ನಾನು ಮಕ್ಕಳ ಬಾಯಿಂದಲೇ ಕೇಳಿದ್ದೇನೆ. ಹೊಸ ಅಂಗಿಯನ್ನು ಕಿತ್ತುಕೊಂಡು ಮನೆಮಗನಿಗೆ ಹಾಕಿದ ಚಿಕ್ಕಮ್ಮ ಕೆಟ್ಟವಳೇನೂ ಆಗಿರಲಿಲ್ಲ, ಅವಳಿಗೆ ಇಬ್ಬರೂ ಮಕ್ಕಳೇ.

ಬಯಲುಸೀಮೆ

ಈ ಮಾತು ನನಗೆ ಹೊಸದು, ಆದರೆ ಸರಿಯಾದದ್ದು ಎಂದು ತಟ್ಟನೆ ಅನ್ನಿಸಿತು.

ತೀರವಾಸಿ, ಕಂಪಾಲಾ

ಎಲ್ಲರಿಗೂ ಧನ್ಯವಾದ. ನಿನ್ನೆ ನಮ್ಮವರೆಲ್ಲ ಕುಳಿತು ಇಲ್ಲಿಯ ಬರಹಗಳನ್ನು ಗಟ್ಟಿಯಾಗಿ ಓದಿದೆವು. ಕಟ್ಟಡಕ್ಕೆ ಈ ವರ್ಷ ಕೊಡುವುದಿಲ್ಲವೆಂದು ತೀರ್ಮಾನವಾಗಿದೆ. ಅನಾಥಾಲಯದವರಿಗೆ ಅದನ್ನು ತಿಳಿಸುವಾಗ, ಈಗಿರುವ ಮಕ್ಕಳ ಊಟಕ್ಕೆ ಒಂದು ಪಾಲು ಕೊಡುತ್ತೇವೆ, ಜೊತೆಗೆ ಬಂಧುಗಳಿರುವ ಮಕ್ಕಳು ರಜೆಯಲ್ಲಿ ಮನೆಗೆ ಹೋಗಿ ಬರಲು ಬಸ್ಸಿನ ಖರ್ಚು ಕೊಡುತ್ತೇವೆ ಎಂದು ಹೇಳಲಿದ್ದೇವೆ. ಉಳಿದ ಹಣ ಊರಿನ ಮನೆಗಳಿಗೆ. ಸ್ಥಳೀಯ ಸಮಿತಿಯ ಅಧ್ಯಕ್ಷರೊಬ್ಬರ ಪಟ್ಟಿಯನ್ನೇ ನಂಬುವುದು ಬೇಡ, ಊರಿನ ಅಜ್ಜಿಯರನ್ನು ಕೂಡಿಸಿ ಪಟ್ಟಿ ಮಾಡಿಸೋಣ ಎಂದು ನಮ್ಮ ಮನೆಯವರು ಹೇಳಿದ್ದು ಎಲ್ಲರಿಗೂ ಒಪ್ಪಿಗೆಯಾಯಿತು. ವಕೀಲಮ್ಮನವರ ಎರಡು ಪ್ರಶ್ನೆಗಳೂ ಆ ಪಟ್ಟಿಯಲ್ಲಿ ಇರುತ್ತವೆ. ಹಣವನ್ನು ಮೊಬೈಲ್ ಮೂಲಕ ಕಳುಹಿಸಬಹುದೇ, ಅಥವಾ ಗುಂಪಿನ ಸಭೆಯಲ್ಲಿ ಎಲ್ಲರೆದುರು ಕೊಡುವುದು ಒಳ್ಳೆಯದೇ ಎಂಬುದೊಂದು ಉಳಿದಿದೆ.

ಹಳೆಯ ಶುಶ್ರೂಷಕಿ

ಮೊಬೈಲ್ ಹಣ ಉಗಾಂಡಾದ ಹಳ್ಳಿಗಳಲ್ಲೂ ನಡೆಯುತ್ತದೆ, ಆದರೆ ಅನೇಕ ಅಜ್ಜಿಯರ ಸಿಮ್ಮು ಮಗನ ಹೆಸರಿನಲ್ಲೋ ನೆರೆಯ ಹುಡುಗನ ಹೆಸರಿನಲ್ಲೋ ಇರುತ್ತದೆ. ಗುಪ್ತಸಂಖ್ಯೆಯೂ ಅವನ ಬಳಿಯೇ. ಮೊದಲ ಕಂತನ್ನು ಸಭೆಯಲ್ಲೇ ಕೈಗೆ ಕೊಡಿ. ಗುರುತಿನ ಚೀಟಿ ಇದ್ದವರಿಗೆ ಅವರ ಹೆಸರಿನಲ್ಲೇ ಸಿಮ್ಮು ಮಾಡಿಸಿಕೊಡಿ, ಎರಡನೆಯ ಕಂತಿನಿಂದ ಅದಕ್ಕೇ ಹಾಕಿ. ಫೆಬ್ರವರಿ ಆರಂಭದಲ್ಲಿ ಶಾಲೆಯ ಮೊದಲ ಅವಧಿ ಶುರುವಾಗುತ್ತದೆ, ಅದಕ್ಕೆ ಮುಂಚೆ ತಲುಪುವಂತೆ ನೋಡಿಕೊಳ್ಳಿ.